ಬಾವಿ, ಬೋರು, ನಲ್ಲಿ: ಊರ ನೀರು ಸಾಗಿಬಂದ ದಾರಿ

ಪಕ್ಕದಲ್ಲೇ ನಾಲೆ ತುಂಬಿ ಹರಿಯುತ್ತಿದ್ದರೂ ಕುಡಿಯುವ ನೀರಿಗೆ ನೆಲದಡಿಯನ್ನೇ ನೆಚ್ಚಿದ ಊರುಗಳು ಮಂಡ್ಯ ಸೀಮೆಯಲ್ಲಿ ಕಡಿಮೆಯೇನಿಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿದು, 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹರಿಯತೊಡಗಿದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬೇಸಾಯದ ಚಹರೆಯೇ ಬದಲಾಯಿತು. ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೊತ್ತತ್ತಿಯ ಸುತ್ತ ಕಬ್ಬು, ಭತ್ತ ಬೇರೂರಿದವು. ಆದರೆ ನಾಲೆ ಕಟ್ಟಿದ್ದು ಗದ್ದೆಗೆ. ವರ್ಷವಿಡೀ ಹರಿಯದ ಆ ನೀರನ್ನು ನಂಬಿ ಒಲೆಯ ಮೇಲೆ ಪಾತ್ರೆ ಇಡುವಂತಿರಲಿಲ್ಲ. ಕುಡಿಯಲು ಸೇದುವ ಬಾವಿಯೇ ಗತಿ.

ಈ ಸೀಮೆಯ ನೆಲ ಗಟ್ಟಿ ಬಂಡೆಯದು. ಮೇಲೆ ಕೊಳೆತ ಕಲ್ಲಿನ ಪದರ, ಕೆಳಗೆ ಗ್ರಾನೈಟು, ನೈಸ್ ಶಿಲೆ. ಮಳೆಯ ನೀರು, ನಾಲೆ ಮತ್ತು ಗದ್ದೆಗಳ ಬಸಿ ನೀರು ಮೇಲಿನ ಪದರದಲ್ಲಿ ನಿಂತರೆ ಬಾವಿಗೆ ಒರತೆ. ಅದಕ್ಕಿಂತ ಕೆಳಗೆ ನೀರು ಸಿಗುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಹಾಗಾಗಿಯೇ ಒಂದು ಹೊಲದಲ್ಲಿ ನೀರು ಉಕ್ಕಿದರೆ ಬದುವಿನಾಚೆ ಬರೀ ದೂಳು ಏಳುವುದುಂಟು.

ಹಳೆಯ ಬಾವಿಗಳನ್ನು ಈಗ ಹಂಬಲದಿಂದ ನೆನೆಯುವವರಿದ್ದಾರೆ. ಆ ಬಾವಿ ಎಲ್ಲರದೂ ಆಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ದಲಿತರು ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಯಾರಾದರೂ ಸೇದಿ ಹೊಯ್ಯುವವರೆಗೆ ದೂರ ನಿಂತು ಕಾಯಬೇಕಿತ್ತು. ಊರ ನೀರಿನ ಹಕ್ಕಿಗಾಗಿಯೇ ಅಂಬೇಡ್ಕರ್ 1927ರಲ್ಲಿ ಮಹಾಡದ ಕೆರೆಗೆ ಇಳಿಯಬೇಕಾಯಿತು. ಮೆಟ್ಟಿಲು ಬಾವಿಗಳಿಗೆ ಇನ್ನೊಂದು ಕಂಟಕವಿತ್ತು. ಜನ ಕಾಲಿಟ್ಟು ಇಳಿದು ನೀರು ತುಂಬುವಲ್ಲಿ ನಾರುಹುಣ್ಣು ಹರಡುತ್ತಿತ್ತು. ಕರ್ನಾಟಕವೂ ಆ ರೋಗವಿದ್ದ ರಾಜ್ಯಗಳಲ್ಲೊಂದು. ಭಾರತ ಅದರಿಂದ ಪೂರ್ತಿ ಮುಕ್ತವಾದದ್ದು 2000ದಲ್ಲಿ.

ಬೋರ್‌ವೆಲ್ ಬಂದದ್ದು ಬರದ ಬೆನ್ನಿಗೆ. 1960ರ ದಶಕದ ಬಿಹಾರದ ಬರಗಾಲದಲ್ಲಿ ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನು ತರಿಸಿತು. ಕೊರೆಯುವುದು ಸುಲಭವಾಯಿತು, ಪಂಪು ನಿಲ್ಲಲಿಲ್ಲ. ಒಂದು ಮನೆಯ ಬಳಕೆಗೆಂದು ಮಾಡಿದ ಎರಕದ ಕಬ್ಬಿಣದ ಪಂಪನ್ನು ಇಡೀ ಊರು ಒತ್ತಿದರೆ ಎಷ್ಟು ದಿನ ಬಾಳೀತು? ಸೊಲ್ಲಾಪುರದಲ್ಲಿ ರೂಪುಗೊಂಡಿದ್ದ ಗಟ್ಟಿ ಪಂಪನ್ನು ಆಧರಿಸಿ, 1970ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಪರೀಕ್ಷಿಸಿ ಸಿದ್ಧವಾದದ್ದೇ ‘ಇಂಡಿಯಾ ಮಾರ್ಕ್ 2’. ಉದ್ದನೆಯ ಹಿಡಿ, ಅದರ ತುದಿಗೊಂದು ಚೈನು, ಚೈನಿಗೆ ಕಟ್ಟಿದ ಸರಳು, ನೆಲದಾಳದಲ್ಲಿ ಸಿಲಿಂಡರು. ನಮ್ಮೂರುಗಳ ‘ಬೋರಿಂಗು’ ಇದೇ. ಮಾರ್ಕ್ 2ರ ವಾಷರು ಸವೆದರೂ ಪೈಪುಗಳನ್ನೆಲ್ಲ ಮೇಲೆತ್ತಬೇಕಿತ್ತು. ಅದಕ್ಕೆ ತಾಲ್ಲೂಕಿನಿಂದ ರಿಪೇರಿ ಗಾಡಿ ಬರಬೇಕಿತ್ತು. ಪೈಪು ಎತ್ತದೆಯೇ ಒಳಭಾಗ ತೆಗೆಯಬಹುದಾದ ಮಾರ್ಕ್ 3 ಬಂದದ್ದು ಈ ಕಷ್ಟ ಕಂಡ ಮೇಲೆ.

ಕರ್ನಾಟಕದಲ್ಲಿ ಈ ಕಥೆಗೊಂದು ಹೆಸರಿದೆ: ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯ ನಜೀರ್ ಸಾಬ್ 1980ರ ದಶಕದಲ್ಲಿ ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದರು. ಬರದ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದ ಅವರನ್ನು ಜನ ‘ನೀರ್ ಸಾಬ್’ ಎಂದೇ ಕರೆದರು. 250 ಜನರಿಗೊಂದು ಕೈಪಂಪು, ತಲಾ ದಿನಕ್ಕೆ 40 ಲೀಟರ್ ನೀರು ಆಗಿನ ಅಳತೆ. ಕೇರಿಯೊಳಗೇ ಬೋರಿಂಗು ಬಂದಾಗ, ಕಾದು ನಿಲ್ಲುವ ಅವಮಾನವೂ ಎಷ್ಟೋ ಕಡೆ ತಪ್ಪಿತು. ಅಧಿಕಾರ ಹಳ್ಳಿಗೆ ಬರಬೇಕೆಂದು ಪಂಚಾಯತ್ ವ್ಯವಸ್ಥೆಯನ್ನು ಕಟ್ಟಿದವರೂ ಅವರೇ. 1988ರಲ್ಲಿ ಅವರು ತೀರಿಕೊಂಡರು.

ಮುಂದಿನ ಹೆಜ್ಜೆ ವಿದ್ಯುತ್ತಿನದು. ಸಣ್ಣ ಊರಿಗೆ ಕೈಪಂಪು, ಕೊಂಚ ದೊಡ್ಡದಕ್ಕೆ ಕಿರು ನೀರು ಸರಬರಾಜು, ಸಾವಿರ ದಾಟಿದರೆ ಓವರ್‌ಹೆಡ್ ಟ್ಯಾಂಕು ಮತ್ತು ಬೀದಿ ನಲ್ಲಿ ಎಂಬ ಲೆಕ್ಕ ಜಾರಿಗೆ ಬಂತು. ಕೇರಿಯ ಮೂಲೆಯಲ್ಲಿ ಸಣ್ಣ ತೊಟ್ಟಿ, ಸುತ್ತ ನಾಲ್ಕಾರು ನಲ್ಲಿ: ಇದೇ ‘ಮಿನಿ ಟ್ಯಾಂಕು’, ಕೆಲವೆಡೆ ‘ತೊಂಬೆ’. ಹಿಂದೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿ, ಈಗ ಕರೆಂಟು ಬಂದ ಹೊತ್ತಿಗೆ ಸ್ಟಾರ್ಟರು ಒತ್ತಿ, ಬೀದಿಬೀದಿಯ ವಾಲ್ವು ತಿರುಗಿಸುವ ಪಂಚಾಯಿತಿ ನೌಕರನಾದ.

ಅಷ್ಟರಲ್ಲಿ ನೆಲದಡಿಯಲ್ಲಿ ಪೈಪೋಟಿ ಶುರುವಾಗಿತ್ತು. ತಮಿಳುನಾಡಿನ ತಿರುಚೆಂಗೋಡಿನ ಬೋರ್ ಲಾರಿಗಳು ಊರೂರು ಸುತ್ತತೊಡಗಿದವು. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಪಾಯಿಂಟ್ ಹೇಳುವವರಿಗೆ ಕೈತುಂಬ ಕೆಲಸ. ಮಣ್ಣು ಕುಸಿಯದಂತೆ ಕೇಸಿಂಗ್ ಇಳಿಸಿ, ಬಂಡೆ ಕೊರೆದು, ಬೂದಿಬಣ್ಣದ ದೂಳು ಕೆಸರಾಗುತ್ತಿದ್ದಂತೆ ನೆರೆದವರದು ಒಂದೇ ಪ್ರಶ್ನೆ: ‘ಎಷ್ಟಿಂಚು ನೀರು?’ ನಾಲೆಯ ಕೊನೇ ಭಾಗಕ್ಕೆ ಸೇರಿದ ಮದ್ದೂರು, ಮಳವಳ್ಳಿಯ ಊರುಗಳಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ನಾಲೆ ನೀರು ತಲುಪದಾಗ ರೈತ ಬೋರು ಕೊರೆಸದೆ ಇನ್ನೇನು ಮಾಡಿಯಾನು? ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ತೂ ಉಚಿತ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು ರಾಜ್ಯದ 1999ರ ಕಾಯ್ದೆ ಹೇಳುತ್ತದೆ. ಊರ ಬೋರಿಗೂ ತೋಟದ ಬೋರಿಗೂ ನಡುವಿನ ದೂರವನ್ನು ಟೇಪು ಹಿಡಿದು ಅಳೆಯುವವರು ಮಾತ್ರ ಅಪರೂಪ.

ಸಿಕ್ಕ ನೀರೆಲ್ಲ ಕುಡಿಯುವಂಥದ್ದೂ ಅಲ್ಲ. ನೀರಾವರಿ ಸೀಮೆಯ ಯೂರಿಯಾ, ತಿಪ್ಪೆ, ಶೌಚದ ಗುಂಡಿ ಎಲ್ಲದರ ನೈಟ್ರೇಟು ಕೆಳಕ್ಕಿಳಿಯುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಎಳೆ ಕೂಸುಗಳಿಗೆ ಅಪಾಯ. ಇನ್ನು ಕೆಲವೆಡೆ ಬಂಡೆಯಿಂದಲೇ ಬರುವ ಫ್ಲೋರೈಡು. ಇದಕ್ಕೆ ಕಂಡುಕೊಂಡ ದಾರಿ ಶುದ್ಧ ಕುಡಿಯುವ ನೀರಿನ ಘಟಕ: ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತದೆ. ಫಿಲ್ಟರ್ ಬದಲಿಸಲು ಹಣವಿಲ್ಲದಿದ್ದರೆ ಘಟಕಕ್ಕೆ ಬೀಗ. ಶುದ್ಧವಾದ ನೀರಿನ ಜೊತೆಗೆ ಸಾಕಷ್ಟು ನೀರು ಚರಂಡಿಗೂ ಹೋಗುತ್ತದೆ.

2019ರ ಜಲ ಜೀವನ್ ಮಿಷನ್ ಅಳತೆಯನ್ನು ತಲಾ 55 ಲೀಟರಿಗೆ ಏರಿಸಿ, ನಲ್ಲಿಯನ್ನು ಮನೆಯಂಗಳಕ್ಕೆ ತಂದಿತು. ರಾಜ್ಯದಲ್ಲಿ ಇದು ‘ಮನೆ ಮನೆಗೆ ಗಂಗೆ’. ಹೆಂಗಸರ ತಲೆ ಮೇಲಿನ ಕೊಡ ಇಳಿದದ್ದು ಸಣ್ಣ ಸಂಗತಿಯಲ್ಲ. ಆದರೆ ನದಿಯಿಂದ ಬರುವ ಬಹುಗ್ರಾಮ ಯೋಜನೆ ತಲುಪದ ಊರಲ್ಲಿ ಆ ನಲ್ಲಿಯ ಬುಡ ಅದೇ ಬೋರು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು 2023ರಲ್ಲಿ ಘೋಷಣೆಯಾದಾಗ, ಕೈಬಿಟ್ಟದ್ದು ನಲ್ಲಿಯಲ್ಲ, ನೆಲದಡಿಯ ನೀರು.

ನೀರು ಇಂಗಿಸುವ ಪಾಠಕ್ಕೆ ದೂರ ಹೋಗಬೇಕಿಲ್ಲ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಬೆಟ್ಟದಲ್ಲಿ ಕಟ್ಟೆಗಳನ್ನು ತೋಡಿ, 2022ರಲ್ಲಿ ತೀರಿಕೊಳ್ಳುವ ಹೊತ್ತಿಗೆ ನಾಡಿಗೆಲ್ಲ ‘ಕೆರೆ ಕಾಮೇಗೌಡ’ರಾಗಿದ್ದರು. ಆಂಧ್ರದ ಒಣ ಜಿಲ್ಲೆಗಳಲ್ಲಿ ರೈತರೇ ಬೋರಿನ ನೀರಿನ ಮಟ್ಟ ಅಳೆದು, ಗೋಡೆಯ ಮೇಲೆ ಬರೆದು, ಬೆಳೆ ನಿರ್ಧರಿಸಿದ ಪ್ರಯೋಗವೂ ನಡೆದಿದೆ. 2020ರಿಂದ ಕರ್ನಾಟಕದಲ್ಲೂ ಜಾರಿಯಾದ ಅಟಲ್ ಭೂಜಲ ಯೋಜನೆ ಊರಿನ ನೀರಿನ ಆಯವ್ಯಯವನ್ನು ಕೇಳಿತು.

ಕೊರೆಯುವ ವಿದ್ಯೆಯಲ್ಲಿ ನಾಡು ಬಹುದೂರ ಬಂದಿದೆ. ಕೊರೆದದ್ದನ್ನು ಕಾಯುವುದರಲ್ಲಿ ಅಷ್ಟು ಮುಂದೆ ಬಂದಿಲ್ಲ. ಟ್ಯಾಂಕಿಗೆ, ಪೈಪಿಗೆ ಹಣ ಸಿಗುತ್ತದೆ. ಮೂಲದ ಲೆಕ್ಕ ಇಡುವವರಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ನಮ್ಮೂರ ಬೋರಿನಲ್ಲಿ ನೀರು ಈಗ ಎಷ್ಟು ಅಡಿಯಲ್ಲಿದೆ? ಅದರ ಪರೀಕ್ಷೆಯ ವರದಿ ಎಲ್ಲಿದೆ? ಉತ್ತರ ಪಂಚಾಯಿತಿಯ ನಡಾವಳಿ ಪುಸ್ತಕಕ್ಕೆ ಏರುವವರೆಗೂ ಬಿಡಬೇಡಿ.