ಬೆಟ್ಟದ ನೀರು ಬಯಲಿಗೆ ಬಂದ ಬಗೆ

ನಮ್ಮ ಶಾಲೆಯು ಬಾಗಿಲು ತೆರೆದ 1924ನೆಯ ಇಸವಿ ದಕ್ಷಿಣ ಭಾರತದ ಚರಿತ್ರೆಯಲ್ಲಿ ನೆರೆಯ ವರ್ಷ. ಆ ಜುಲೈ ತಿಂಗಳಿನಲ್ಲಿ ಪಶ್ಚಿಮಘಟ್ಟದ ಮೇಲೆ ಬಿಡದೆ ಸುರಿದ ಮಳೆಗೆ ಕಾವೇರಿಯೂ ಪೆರಿಯಾರೂ ದಡ ಮೀರಿದವು. ಮುನ್ನಾರಿನ ಚಹಾ ತೋಟಗಳಿಗಾಗಿ ಹಾಕಿದ್ದ ಪುಟ್ಟ ರೈಲುದಾರಿ ಕೊಚ್ಚಿಹೋಯಿತು. ಅದನ್ನು ಮತ್ತೆ ಕಟ್ಟಲಿಲ್ಲ. ಕೊಲ್ಲಂ ಶಕೆಯ 1099ರಲ್ಲಿ ಬಂದುದರಿಂದ ಮಲಯಾಳಿಗಳು ಅದನ್ನು ಇಂದಿಗೂ ‘ತೊಂಬತ್ತೊಂಬತ್ತರ ನೆರೆ’ ಎಂದೇ ಕರೆಯುತ್ತಾರೆ.

ಅದೇ ಮಲೆಸಾಲಿನ ಪೂರ್ವದ ಮಗ್ಗುಲಲ್ಲಿರುವ ಪೊಳ್ಳಾಚಿ, ಉಡುಮಲೈಪೇಟೆ, ಪಲ್ಲಡಂ ಬಯಲಿನ ಕಥೆಯೇ ಬೇರೆ. ಇಲ್ಲಿಗೆ ಬಂದು ನೆಲೆಸಿದ ಒಕ್ಕಲಿಗರು, ದೇವಾಂಗ ನೇಕಾರರು ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡರು. ಹೊಲದಲ್ಲಿ ಮಾತ್ರ ನೀರಿಗಾಗಿ ಆಕಾಶ ನೋಡಬೇಕಾಗಿತ್ತು. ಬಾವಿ ಆಳ, ಕಪಿಲೆ ಎಳೆಯುವ ಎತ್ತುಗಳು ಸಣಕಲು. ವಾಲ್ಪಾರೈಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವಾಗ ಈ ಬಯಲಿಗೆ ಅದರ ಕಾಲುಭಾಗವೂ ದಕ್ಕುವುದು ಕಷ್ಟ. ಮಲೆಯ ನೀರೆಲ್ಲ ಬಹುಪಾಲು ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರವನ್ನು ಸೇರುತ್ತಿತ್ತು. ಅದನ್ನು ಪೂರ್ವಕ್ಕೆ ತಿರುಗಿಸಬೇಕೆಂಬ ಹಂಬಲದಿಂದ ಹುಟ್ಟಿದ್ದು ಪರಂಬಿಕುಳಂ–ಆಳಿಯಾರ್ ಯೋಜನೆ. ಕಾಮರಾಜರು ಮುಖ್ಯಮಂತ್ರಿಯಾಗಿದ್ದ ಕಾಲ; ಸಿ. ಸುಬ್ರಮಣ್ಯಂ, ವಿ.ಕೆ. ಪಳನಿಸಾಮಿ ಗೌಂಡರ್, ಪೊಳ್ಳಾಚಿ ಎನ್. ಮಹಾಲಿಂಗಂ ಮುಂತಾದವರು ಇದಕ್ಕಾಗಿ ದುಡಿದವರು. 1961ರ ಅಕ್ಟೋಬರ್ 7ರಂದು ಪ್ರಧಾನಿ ನೆಹರೂ ಯೋಜನೆಗೆ ಚಾಲನೆ ನೀಡಿದರು.

ಯೋಜನೆಯ ರಚನೆಯನ್ನು ನಕ್ಷೆಯ ಮೇಲೆ ನೋಡಿದವರಿಗೆ ಬೆರಗಾಗದಿರದು. ವಾಲ್ಪಾರೈ ಮೇಲಿನ ನೀರಾರ್ ಹೊಳೆಯ ನೀರನ್ನು ಸುರಂಗದ ಮೂಲಕ ಶೋಲಯಾರ್ ಜಲಾಶಯಕ್ಕೆ ತರುತ್ತಾರೆ. ಶೋಲಯಾರಿನಿಂದ ವಿದ್ಯುದಾಗಾರವನ್ನು ಹಾದು, ಮತ್ತೆ ಸುರಂಗವನ್ನು ಹೊಕ್ಕು ಆ ನೀರು ಪರಂಬಿಕುಳಕ್ಕೆ ಇಳಿಯುತ್ತದೆ. ಅಲ್ಲಿಂದ ತೂಣಕಡವು, ಅಲ್ಲಿಂದ ಸರ್ಕಾರ್‌ಪತಿಯ ವಿದ್ಯುದಾಗಾರ. ಕೊನೆಗೆ ಬೆಟ್ಟದ ಬುಡವನ್ನು ಬಳಸಿ 49 ಕಿಲೋಮೀಟರ್ ಸಾಗುವ ಸಮಮಟ್ಟದ ಕಾಲುವೆಯಲ್ಲಿ ಹರಿದು ತಿರುಮೂರ್ತಿ ಜಲಾಶಯವನ್ನು ಸೇರುತ್ತದೆ. ಪಡುವಣಕ್ಕೆ ಮುಖಮಾಡಿ ಹುಟ್ಟಿದ ಹೊಳೆ ಮೂಡಣಕ್ಕೆ ಮುಖ ತಿರುಗಿಸಿ ಬರುವುದು ಹೀಗೆ. ನಮ್ಮ ವಿಜ್ಞಾನ ಶಿಕ್ಷಕರು ಇದನ್ನು ಪಾಠ ಹೇಳುವಾಗ ತಾವೇ ಕೊರೆದ ಸುರಂಗವೇನೋ ಎಂಬಷ್ಟು ಹೆಮ್ಮೆಪಡುವುದನ್ನು ನಾವು ಕಂಡಿದ್ದೇವೆ.

ಬಯಲು ಬದಲಾಯಿತು. ಬಾವಿಗಳಲ್ಲಿ ನೀರು ಮೇಲೆ ಬಂತು, ಜೋಳದ ಹೊಲಗಳು ತೆಂಗಿನ ತೋಟಗಳಾದವು, ಪೊಳ್ಳಾಚಿಯ ಎಳನೀರು ದೂರದೂರಕ್ಕೆ ಹೋಯಿತು. ಶಾಲೆಯ ಶುಲ್ಕವನ್ನು ತಪ್ಪದೆ ಕಟ್ಟುವ ಕುಟುಂಬಗಳ ಸಂಖ್ಯೆ ಹೆಚ್ಚಿದ್ದೂ ಕಾಲುವೆ ಬಂದ ಮೇಲೆಯೇ ಎಂದು ನಮ್ಮ ಹಿರಿಯ ಶಿಕ್ಷಕರು ಹೇಳುತ್ತಿದ್ದರು. ಆದರೆ ನೀರು ಬಂದಷ್ಟೂ ಆಸೆಯೂ ಬೆಳೆಯಿತು. ಆಯಕಟ್ಟು ಹಿಗ್ಗುತ್ತ ಹೋಯಿತು. ಇಂದು ತಿರುಮೂರ್ತಿ ಜಲಾಶಯವನ್ನು ನೆಚ್ಚಿದ ಭೂಮಿಯೇ ಸುಮಾರು 3.77 ಲಕ್ಷ ಎಕರೆ. ಅದನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ ಸರದಿಯಂತೆ ನೀರು ಬಿಡುವುದರಿಂದ ಒಂದು ಹೊಲಕ್ಕೆ ಸರದಿ ಬರಲು ಹತ್ತಿರ ಹತ್ತಿರ ಎರಡು ವರ್ಷ ಕಾಯಬೇಕು. ತೆಂಗಿನ ಮರಕ್ಕೆ ಸರದಿ ಗೊತ್ತೆ?

ಪರಂಬಿಕುಳಂ, ತೂಣಕಡವು, ಪೆರುವಾರಿಪಳ್ಳಂ ಅಣೆಕಟ್ಟುಗಳು ಕೇರಳದ ನೆಲದಲ್ಲಿವೆ; ನಿರ್ವಹಣೆ ತಮಿಳುನಾಡಿನದು. ಆದ್ದರಿಂದ ಎರಡು ಸರ್ಕಾರಗಳ ನಡುವೆ ಒಪ್ಪಂದ ಬೇಕಾಯಿತು. 1970ರ ಮೇ 29ರಂದು ಸಹಿಯಾದ ಆ ಪತ್ರ 1958ರ ನವೆಂಬರ್ 9ರಿಂದಲೇ ಜಾರಿಗೆ ಬಂದಂತೆ ಬರೆಯಲ್ಪಟ್ಟಿತು. ವರ್ಷಕ್ಕೆ ಶೋಲಯಾರಿನಲ್ಲಿ ಕೇರಳಕ್ಕೆ 12.3 ಟಿಎಂಸಿ, ಆಳಿಯಾರ್ ಹೊಳೆಯಲ್ಲಿ ಮನಕಡವಿನ ಬಳಿ 7.25 ಟಿಎಂಸಿ, ಕೇರಳದ ಶೋಲಯಾರ್ ಜಲಾಶಯ ಯಾವ ದಿನಗಳಲ್ಲಿ ತುಂಬಿರಬೇಕು ಎಂಬುದು ಕೂಡ ಅದರಲ್ಲಿದೆ. ಹನಿ ಹನಿಗೂ ಲೆಕ್ಕವಿಟ್ಟ ಈ ಒಪ್ಪಂದದಲ್ಲಿ ಎರಡು ಪಕ್ಷಗಳಷ್ಟೇ ಇದ್ದವು. ಆ ಮಲೆಯಲ್ಲೇ ಬಾಳಿಕೊಂಡು ಬಂದವರು ಮೂರನೆಯ ಪಕ್ಷವಾಗಿ ಎಲ್ಲಿಯೂ ಕಾಣಿಸುವುದಿಲ್ಲ.

ಅವರು ಕಾಡರ್, ಮಲಸರ್, ಮುದುವರ್, ಪುಲೈಯರ್ ಮೊದಲಾದ ಸಮುದಾಯಗಳವರು. ಕಾಡರು ಉಳುಮೆಯನ್ನು ನೆಚ್ಚಿದವರಲ್ಲ. ಜೇನು, ರಾಳ, ಗೆಡ್ಡೆ, ಹೊಳೆಯ ಮೀನು ಇವೇ ಅವರ ಬದುಕು. ಕಣಿವೆಯ ತಳವೂ ಹೊಳೆಯ ಅಂಚೂ ಅವರಿಗೆ ಊರೂ ಹೌದು, ಉಗ್ರಾಣವೂ ಹೌದು. ಅವರನ್ನು ಕದಲಿಸಿದ್ದು ಅಣೆಕಟ್ಟು ಮಾತ್ರವಲ್ಲ. ಕೊಚ್ಚಿ ಸಂಸ್ಥಾನವು ಮರ ಸಾಗಿಸಲು ಪರಂಬಿಕುಳದಿಂದ ಚಾಲಕ್ಕುಡಿಯವರೆಗೆ ಹಾಕಿದ ಟ್ರಾಮ್‌ವೇ ದಶಕಗಳ ಕಾಲ ಕಾಡನ್ನು ಹೊತ್ತು ಇಳಿಸಿತು. ವಾಲ್ಪಾರೈಯ ಪ್ರಸ್ಥಭೂಮಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಕಾಫಿ, ಚಹಾ ತೋಟಗಳು ಕಾಡನ್ನು ತುಂಡು ತುಂಡಾಗಿಸಿದವು. ಮದರಾಸು ವಿಶ್ವವಿದ್ಯಾಲಯದಲ್ಲಿದ್ದ ಆಸ್ಟ್ರಿಯಾ ಮೂಲದ ಮಾನವಶಾಸ್ತ್ರಜ್ಞ ಎಹ್ರೆನ್‌ಫೆಲ್ಸ್ ಅವರು ಕೊಚ್ಚಿಯ ಕಾಡರನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ್ದು 1952ರಲ್ಲಿ, ಅಂದರೆ ಈ ಜಲಾಶಯಗಳಿಗೆ ಮುನ್ನ. ಅನಂತರದ ದಶಕದಲ್ಲಿ ನೀರು ಏರಿದಂತೆ ಕಾಡರ ಹಾಡಿಗಳು ಮೇಲಕ್ಕೆ ಸರಿದವು. ಪರಂಬಿಕುಳದಲ್ಲಿ ‘ಎರ್ತ್‌ಡ್ಯಾಂ ಕಾಲನಿ’ ಎಂಬ ಹಾಡಿಯೊಂದು ಇಂದಿಗೂ ಇದೆ. ಹಾಡಿಗೆ ಮರದ ಹೆಸರಿಲ್ಲ, ಹೊಳೆಯ ಹೆಸರಿಲ್ಲ. ಮಣ್ಣಿನ ಅಣೆಕಟ್ಟಿನ ಹೆಸರಿದೆ.

ಈ ಭಾಗವನ್ನು ಬರೆಯುವಾಗ ನಮಗೆ ಸಂಕೋಚವಾಗುತ್ತದೆ. ಆಳಿಯಾರಿಗೂ ವಾಲ್ಪಾರೈಗೂ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದು ನಮ್ಮ ಶಾಲೆಯ ಹಳೆಯ ವಾಡಿಕೆ. ಮಕ್ಕಳು ಬರೆದ ಪ್ರವಾಸ ಪ್ರಬಂಧಗಳಲ್ಲಿ ಉತ್ತಮವಾದವನ್ನು ಕಚೇರಿಯ ಬೀರುವಿನಲ್ಲಿ ಇಟ್ಟಿದ್ದೇವೆ. ಈ ಸಂಪುಟಕ್ಕಾಗಿ ಅವನ್ನೆಲ್ಲ ಹೊರತೆಗೆದು ಓದಿದೆವು. ನಲವತ್ತು ತಿರುವುಗಳ ಘಟ್ಟದ ದಾರಿ, ಬಸ್ಸಿನಲ್ಲಿ ವಾಂತಿಯಾದದ್ದು, ಸಿಂಗಳೀಕ ಕಂಡದ್ದು, ಅಣೆಕಟ್ಟಿನ ಎತ್ತರ, ಎಲ್ಲವೂ ಇವೆ. ಒಂದೇ ಒಂದು ಪ್ರಬಂಧದಲ್ಲಿ ‘ರಸ್ತೆಯ ಬದಿಯಲ್ಲಿ ಕಾಡಿನವರು ಜೇನು ಮಾರುತ್ತಿದ್ದರು’ ಎಂಬ ಸಾಲಿದೆ. ಕಾಡರ್ ಎಂಬ ಹೆಸರು ಯಾವುದರಲ್ಲಿಯೂ ಇಲ್ಲ. ತಪ್ಪು ಮಕ್ಕಳದಲ್ಲ. ಅವರಿಗೆ ಟಿಪ್ಪಣಿ ಬರೆಸಿದವರು ನಾವೇ.

ನೆರೆಯು ಅಣೆಕಟ್ಟಿನೊಂದಿಗೆ ಮುಗಿದುಹೋಯಿತೆಂದು ನಾವು ತಿಳಿದಿದ್ದೆವು. 2018ರ ಆಗಸ್ಟಿನಲ್ಲಿ ಚಾಲಕ್ಕುಡಿ ಹೊಳೆ ಉಕ್ಕಿ ಕೆಳಗಿನ ಊರುಗಳನ್ನು ಮುಳುಗಿಸಿದಾಗ, ಮೇಲಿನ ಜಲಾಶಯಗಳ ಬಾಗಿಲನ್ನು ಯಾವಾಗ, ಎಷ್ಟು ತೆರೆಯಬೇಕೆಂಬ ಪ್ರಶ್ನೆ ದೊಡ್ಡದಾಯಿತು. 2022ರ ಸೆಪ್ಟೆಂಬರ್ 21ರ ನಸುಕಿನಲ್ಲಿ ಪರಂಬಿಕುಳಂ ಅಣೆಕಟ್ಟಿನ ಮೂರು ಬಾಗಿಲುಗಳಲ್ಲಿ ಒಂದು ಕಳಚಿಬಿದ್ದು ಸುಮಾರು 20,000 ಕ್ಯೂಸೆಕ್ ನೀರು ಅದೇ ಹೊಳೆಗೆ ನುಗ್ಗಿತು. ಆ ದಿನ ಮಳೆಯ ನೆರೆಯಲ್ಲ, ಕಬ್ಬಿಣದ ನೆರೆ.

ಮಲೆಯ ಮೇಲಿನ ವಿಪತ್ತು ಇನ್ನೊಂದು ಬಗೆಯದು. ಅಲ್ಲಿ ನೀರಿಗಿಂತ ಮೊದಲು ಮಣ್ಣು ಬರುತ್ತದೆ. 2019ರ ಆಗಸ್ಟಿನ ಮಳೆಗೆ ವಾಲ್ಪಾರೈ ಕಾಡಿನೊಳಗಿನ ಕಲ್ಲಾರ್ ಹಾಡಿಯ ಕಾಡರ್ ಕುಟುಂಬಗಳು ಮನೆ ಕಳೆದುಕೊಂಡವು. ಅವರನ್ನು ತಾಯ್‌ಮುಡಿ ಎಸ್ಟೇಟಿನ ಹಳೆಯ ಲೈನ್‌ಮನೆಗಳಲ್ಲಿ ಇರಿಸಲಾಯಿತು. ಅವರು ಬೇಡಿದ್ದು ತಮಗೆ ಗೊತ್ತಿದ್ದ ತೆಪ್ಪಕುಳಮೇಡು ಎಂಬ ಸುರಕ್ಷಿತ ಜಾಗವನ್ನು. ಅದು ಹುಲಿ ಸಂರಕ್ಷಿತಾರಣ್ಯದ ಒಳಗಿತ್ತು. ಅರ್ಜಿ, ಧರಣಿ, ಮತ್ತೆ ಅರ್ಜಿ. ಅರಣ್ಯ ಹಕ್ಕು ಕಾಯಿದೆಯ ಆಧಾರದಲ್ಲಿ ಆ ನೆಲ ಅವರ ಕೈಸೇರಿದ್ದು 2021ರಲ್ಲಿ. ಇನ್ನು, 2024ರ ಜುಲೈ 30ರಂದು, ವಯನಾಡಿನ ಮಹಾದುರಂತದ ದಿನವೇ, ಶೋಲಯಾರ್ ಅಣೆಕಟ್ಟಿನ ಬಳಿ ಮನೆಯ ಮೇಲೆ ಗುಡ್ಡ ಕುಸಿದು ಅಜ್ಜಿಯೂ ಮೊಮ್ಮಗಳೂ ತೀರಿಕೊಂಡರು. ಮೊಮ್ಮಗಳು ಶಾಲೆಗೆ ಹೋಗುವ ಹುಡುಗಿ. ಮರುದಿನ ಪ್ರಾರ್ಥನೆಯ ಹೊತ್ತಿಗೆ ನಮ್ಮ ಮಕ್ಕಳನ್ನು ಎರಡು ನಿಮಿಷ ಮೌನವಾಗಿ ನಿಲ್ಲಿಸಿದೆವು.

ಕಾಲುವೆ ಬೇಡವಾಗಿತ್ತೆಂದು ನಾವು ಹೇಳಲಾರೆವು. ಆ ನೀರಿಲ್ಲದಿದ್ದರೆ ಈ ಶಾಲೆ ನೂರು ವರ್ಷ ನಡೆಯುತ್ತಿತ್ತೋ ಇಲ್ಲವೋ. ಆದರೆ ಅದು ಯಾರ ಅಂಗಳವನ್ನು ಹಾದು ನಮ್ಮ ಅಂಗಳಕ್ಕೆ ಬಂತೆಂಬುದನ್ನು ಪಾಠದಲ್ಲಿ ಸೇರಿಸದೆ ಬಿಟ್ಟಿದ್ದೆವು. ಈ ವರ್ಷದಿಂದ ಪ್ರವಾಸದ ಟಿಪ್ಪಣಿಯನ್ನು ಹೊಸದಾಗಿ ಬರೆಯುತ್ತಿದ್ದೇವೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರ ತಂದೆ, ಅಜ್ಜಂದಿರು ಶೋಲಯಾರ್, ಪರಂಬಿಕುಳದ ಸುರಂಗ ಮತ್ತು ಕಟ್ಟೆಯ ಕೆಲಸಕ್ಕೆ ಕೂಲಿಗೆ ಹೋದವರು. ಆ ಕಾಲದ ಕೂಲಿ ಚೀಟಿ, ಭಾವಚಿತ್ರ, ಕಾಗದಪತ್ರ ಯಾರ ಮನೆಯಲ್ಲಾದರೂ ಉಳಿದಿದ್ದರೆ, ಕಾಡರ ಹಾಡಿಗಳನ್ನು ಕಂಡ ನೆನಪು ಯಾವ ಹಿರಿಯರಿಗಾದರೂ ಇದ್ದರೆ, ದಯವಿಟ್ಟು ಶಾಲೆಯ ಕಚೇರಿಗೆ ತಿಳಿಸಿ. ಕಾಗದಗಳ ನಕಲು ಮಾಡಿಕೊಂಡು ಮೂಲವನ್ನು ಹಿಂದಿರುಗಿಸುತ್ತೇವೆ. ನಡೆಯಲಾಗದ ಹಿರಿಯರಿದ್ದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ಮನೆಗೇ ಬಂದು ಬರೆದುಕೊಳ್ಳುತ್ತಾರೆ.