ಗ್ಯಾಸ್ ಮೇಜಿನಿಂದ ಜಾಲದವರೆಗೆ: ರಂಗಬೆಳಕಿನ ನಿಯಂತ್ರಣ

ಯಾವ ದೀಪ, ಎಷ್ಟು ಪ್ರಖರವಾಗಿ, ಯಾವ ಕ್ಷಣದಲ್ಲಿ ಬೆಳಗಬೇಕು ಎಂಬುದನ್ನು ಒಂದೇ ಕಡೆಯಿಂದ ನಡೆಸುವುದು ರಂಗಬೆಳಕಿನ ನಿಯಂತ್ರಣ. ಮೇಣದ ಬತ್ತಿ, ಎಣ್ಣೆ ದೀಪಗಳ ಕಾಲದಲ್ಲಿ ಇದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. 1817ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರಕ್ಕೆ ಗ್ಯಾಸ್ ದೀಪ ಬಂತು. ಮುಂದೆ ಕೊಳವೆಗಳ ತಿರುಪುಗಳನ್ನೆಲ್ಲ ಒಂದೆಡೆ ಸೇರಿಸಿದ ‘ಗ್ಯಾಸ್ ಮೇಜು’ ರೂಪುಗೊಂಡಿತು. ಕನ್ಸೋಲ್ ಎಂಬ ಇಂದಿನ ನಿಯಂತ್ರಣ ಮೇಜಿನ ಮೂಲಪುರುಷ ಅದೇ.

1881ರಲ್ಲಿ ಲಂಡನ್ನಿನ ಸವಾಯ್ ಥಿಯೇಟರ್ ಜೋಸೆಫ್ ಸ್ವಾನ್‌ರ ಸುಮಾರು 1200 ವಿದ್ಯುತ್ ದೀಪಗಳಿಂದ ಬೆಳಗಿತು. ಬೆಂಕಿಯ ಭಯ ತಗ್ಗಿತು, ಆದರೆ ಬೆಳಕನ್ನು ತಗ್ಗಿಸಲು ಡಿಮ್ಮರ್ ಬೇಕಾಯಿತು. ಉಪ್ಪುನೀರಿನ ಜಾಡಿಯಲ್ಲಿ ಲೋಹದ ಫಲಕವನ್ನು ಏರಿಳಿಸುವುದು ಅಗ್ಗದ ದಾರಿ. ಕೆಲಸವೇನೋ ನಡೆಯುತ್ತಿತ್ತು, ಆದರೆ ನೀರು ಕಾಯುತ್ತಿತ್ತು, ಕೈತಪ್ಪಿದರೆ ಶಾಕ್. ತಂತಿ ಸುತ್ತಿದ ರೆಸಿಸ್ಟನ್ಸ್ ಡಿಮ್ಮರ್‌ಗಳು ಇದಕ್ಕಿಂತ ವಾಸಿ, ಆದರೂ ಉಳಿದ ವಿದ್ಯುತ್ತನ್ನು ಶಾಖವಾಗಿ ಚೆಲ್ಲುತ್ತಿದ್ದವು. ಅವುಗಳ ಸಾಲುಸಾಲು ಹಿಡಿಗಳನ್ನು ಎಳೆಯಲು ಹಲವರು ಬೇಕಿತ್ತು.

ನಡೆಸುವ ಕೈಯನ್ನು ಡಿಮ್ಮರ್‌ನಿಂದ ದೂರ ಒಯ್ದದ್ದು ಮುಂದಿನ ಹೆಜ್ಜೆ. 1935ರಲ್ಲಿ ಫ್ರೆಡ್ ಬೆಂಥಮ್ ಸ್ಟ್ರಾಂಡ್ ಕಂಪನಿಗಾಗಿ ಆರ್ಗನ್ ವಾದ್ಯದ ಮಾದರಿಯ ಲೈಟ್ ಕನ್ಸೋಲ್ ರೂಪಿಸಿದರು. 1940ರ ದಶಕದಲ್ಲಿ ಅಮೆರಿಕದ ಯೇಲ್‌ನಲ್ಲಿ ಜಾರ್ಜ್ ಐಸೆನೂರ್ ಥೈರಟ್ರಾನ್ ಎಂಬ ಎಲೆಕ್ಟ್ರಾನಿಕ್ ಕೊಳವೆಗಳಿಂದ ಡಿಮ್ಮರ್ ನಡೆಸಿ, ದೃಶ್ಯಗಳ ಬೆಳಕನ್ನು ಮೊದಲೇ ಹೊಂದಿಸಿಡುವ ಅನುಕೂಲ ತಂದರು. ಆ ಕೊಳವೆಗಳ ಜಾಗವನ್ನು ಥೈರಿಸ್ಟರ್ ಎಂಬ ಅರೆವಾಹಕ ಹಿಡಿದ ಮೇಲೆ ಡಿಮ್ಮರ್ ಚಿಕ್ಕದೂ ಗಟ್ಟಿಯೂ ಆಯಿತು. 1975ರಲ್ಲಿ ‘ಎ ಕೋರಸ್ ಲೈನ್’ ನಾಟಕಕ್ಕಾಗಿ ಥಾರನ್ ಮಸ್ಸರ್ ಬ್ರಾಡ್‌ವೇಗೆ ಗಣಕ ಸ್ಮೃತಿಯ ಕನ್ಸೋಲ್ ತಂದರು.

ಇಷ್ಟಾದರೂ ಒಂದು ಕಂಪನಿಯ ಕನ್ಸೋಲ್ ಇನ್ನೊಂದರ ಡಿಮ್ಮರ್ ಜೊತೆ ಮಾತಾಡುತ್ತಿರಲಿಲ್ಲ. ಪ್ರತಿ ಚಾನೆಲ್‌ಗೂ ಬೇರೆ ತಂತಿ ಎಳೆಯುವ ಅನಲಾಗ್ ಪದ್ಧತಿಯಲ್ಲಿ ಸಣ್ಣ ರಂಗಮಂದಿರದ ಕೇಬಲ್ಲೂ ತೋಳಿನಷ್ಟು ದಪ್ಪವಾಗುತ್ತಿತ್ತು. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ಯುಎಸ್‌ಐಟಿಟಿ 1986ರಲ್ಲಿ ಹೊರತಂದ ಡಿಎಂಎಕ್ಸ್512 ಮಾನದಂಡ ಈ ಎರಡೂ ಕಷ್ಟಗಳನ್ನು ಒಟ್ಟಿಗೇ ನೀಗಿತು. ಒಂದೇ ಕೇಬಲ್ಲಿನಲ್ಲಿ 512 ಚಾನೆಲ್‌ಗಳು, ಸೆಕೆಂಡಿಗೆ 2,50,000 ಬಿಟ್ ವೇಗ. ಪೂರ್ಣ ಸಾಲು ಸೆಕೆಂಡಿಗೆ ಸುಮಾರು 44 ಬಾರಿ ಹೋಗುತ್ತದೆ.

ಈ ಸಂಕೇತ ಏಕಮುಖ. ದೀಪಕ್ಕೆ ಅದು ತಲುಪಿತೋ ಇಲ್ಲವೋ ಕನ್ಸೋಲಿಗೆ ತಿಳಿಯದು. ದೋಷ ಹಿಡಿಯುವ ವ್ಯವಸ್ಥೆಯೂ ಅದರಲ್ಲಿಲ್ಲ. ಆದ್ದರಿಂದಲೇ ಸಿಡಿಮದ್ದಿಗೆ, ಚಲಿಸುವ ರಂಗಸಜ್ಜಿಕೆಗೆ ಡಿಎಂಎಕ್ಸ್ ಬಳಸಬಾರದು. ವಿಶ್ವಾಸಾರ್ಹತೆಯೆಲ್ಲ ಜೋಡಣೆಯಲ್ಲೇ ಇದೆ. ಮೈಕ್ ಕೇಬಲ್ ನೋಡಲು ಡಿಎಂಎಕ್ಸ್ ಕೇಬಲ್ಲಿನಂತೆಯೇ ಇರುತ್ತದೆ, ಕೆಲವು ಮೀಟರುಗಳವರೆಗೆ ಕೆಲಸವನ್ನೂ ಮಾಡುತ್ತದೆ. ಅದೇ ಅದರ ಅಪಾಯ. ತಾಲೀಮಿನಲ್ಲಿ ಸರಿಯಿದ್ದ ದೀಪ ಪ್ರದರ್ಶನದಲ್ಲಿ ಮಿನುಗತೊಡಗುತ್ತದೆ. ಸುಮಾರು 120 ಓಮ್‌ನ ಡಿಎಂಎಕ್ಸ್ ಕೇಬಲ್ಲೇ ಬೇಕು. ದೀಪದಿಂದ ದೀಪಕ್ಕೆ ಒಂದೇ ಸರಪಣಿಯಾಗಿ ಎಳೆದು, ಕೊನೆಯದಕ್ಕೆ 120 ಓಮ್‌ನ ಟರ್ಮಿನೇಟರ್ ಹಾಕದಿದ್ದರೆ ಸಂಕೇತ ತುದಿಯಿಂದ ಪ್ರತಿಫಲಿಸಿ ತನ್ನನ್ನೇ ಕೆಡಿಸುತ್ತದೆ. ಸಾಲನ್ನು ಕವಲೊಡೆಸಬೇಕಾದರೆ ‘ವೈ’ ಕೇಬಲ್ ಸಲ್ಲದು, ಸ್ಪ್ಲಿಟರ್ ಬೇಕು. ಒಂದು ಸಾಲಿಗೆ 32 ಸಾಧನಗಳ ಮಿತಿಯೂ ಇದೆ. ಇನ್ನು ವಿಳಾಸ, ಅಂದರೆ ದೀಪ ಆರಂಭವಾಗುವ ಚಾನೆಲ್ ಸಂಖ್ಯೆ: 16 ಚಾನೆಲ್ಲಿನ ದೀಪ 1ರಿಂದ ಆರಂಭವಾದರೆ ಮುಂದಿನದು 17, ಇವು ಒಂದರ ಮೇಲೊಂದು ಬಿದ್ದರೆ ಎರಡೂ ಹುಚ್ಚಾಟವಾಡುತ್ತವೆ. ಎಲ್‌ಇಡಿ ಮತ್ತು ಮೂವಿಂಗ್ ಲೈಟುಗಳಿಗೆ ವಿದ್ಯುತ್ತನ್ನು ಡಿಮ್ಮರ್ ಮೂಲಕ ಕೊಡಕೂಡದು.

2006ರ ಆರ್‌ಡಿಎಂ ಎಂಬ ಮಾನದಂಡ ಇದೇ ತಂತಿಯಲ್ಲಿ ದೀಪಕ್ಕೆ ಮರುಮಾತಿನ ಅವಕಾಶ ಕೊಟ್ಟಿತು. ಹಳೆಯ ಸ್ಪ್ಲಿಟರ್‌ಗಳು ಮಾತ್ರ ಆ ಮರುಮಾತನ್ನು ತಡೆಯುತ್ತವೆ.

ದೀಪಗಳು ಹೆಚ್ಚಿದಂತೆ 512 ಸಾಲದಾಯಿತು. ಆರ್ಟ್‌ನೆಟ್ ಮತ್ತು 2009ರ ಎಸ್‌ಎಸಿಎನ್ ಎಂಬ ಜಾಲ ನಿಯಮಾವಳಿಗಳು ಹಲವು ಡಿಎಂಎಕ್ಸ್ ಸಾಲುಗಳನ್ನು ಈಥರ್ನೆಟ್ ಕೇಬಲ್ಲಿಗೆ ಏರಿಸಿದವು. ಎಸ್‌ಎಸಿಎನ್‌ನ ಆದ್ಯತೆಯ ಅಂಕೆ ನಿಜಕ್ಕೂ ಜಾಣತನದ್ದು: ಮುಖ್ಯ ಕನ್ಸೋಲಿಗೆ 100, ಕಾಯುವ ಕನ್ಸೋಲಿಗೆ 90 ಕೊಟ್ಟರೆ, ಮೊದಲನೆಯದು ನಿಂತ ಸುಮಾರು 2.5 ಸೆಕೆಂಡಿಗೆ ಎರಡನೆಯದರ ಮಾತು ನಡೆಯುತ್ತದೆ. ರಂಗದ ಜಾಲವನ್ನು ಕಚೇರಿಯ ವೈಫೈ ಜೊತೆ ಬೆರೆಸದಿರುವುದು, ಕನ್ಸೋಲಿಗೂ ಜಾಲದ ಸ್ವಿಚ್‌ಗಳಿಗೂ ಯುಪಿಎಸ್ ಇಡುವುದು ಇಲ್ಲಿಯ ಕನಿಷ್ಠ ಶಿಸ್ತು. ಜಾಲ ಎಷ್ಟೇ ಬೆಳೆದರೂ ದೀಪಕ್ಕೆ ತಲುಪುವ ಕೊನೆಯ ಕೆಲವು ಮೀಟರುಗಳಲ್ಲಿ ಇಂದಿಗೂ ಬಹುಪಾಲು ಹರಿಯುವುದು ಡಿಎಂಎಕ್ಸ್ ಸಂಕೇತವೇ.