ಶಾಲೆಯ ಗಾತ್ರ: ನಾಗಾವಿ ಶಾಸನದ ಒಂದು ಲೆಕ್ಕ

ದೆಹಲಿಗೆ ಹೊಂದಿಕೊಂಡಿರುವ ಘಾಜಿಯಾಬಾದ್ ಜಿಲ್ಲೆಯೂ ಸೇರಿದಂತೆ ಇಡೀ ಉತ್ತರಪ್ರದೇಶದಲ್ಲಿ, ಮಕ್ಕಳ ಸಂಖ್ಯೆ ಕಡಿಮೆಯಿರುವ ಸರ್ಕಾರಿ ಶಾಲೆಗಳನ್ನು ನೆರೆಯ ಶಾಲೆಗಳೊಡನೆ ಜೋಡಿಸುವ ಆದೇಶ 2025ರ ಜೂನ್ ತಿಂಗಳಲ್ಲಿ ಹೊರಟಿತು. ವಿವಾದ ಉಚ್ಚ ನ್ಯಾಯಾಲಯವನ್ನು ಮುಟ್ಟಿದ ಬಳಿಕ, 50ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳನ್ನು ಜೋಡಿಸುವುದಿಲ್ಲವೆಂದು ಸರ್ಕಾರ ತಿಳಿಸಿತು. ಅವು ಎಂಟನೆಯ ತರಗತಿಯೊಳಗಿನ ಶಾಲೆಗಳು. ಆದರೂ ಅಲ್ಲಿ ಎದ್ದ ಪ್ರಶ್ನೆ ಪ್ರೌಢಶಾಲೆಗಳಿಗೂ ಅನ್ವಯಿಸುವಂಥದು: ತಲೆಯೆಣಿಕೆಯೊಂದರಿಂದಲೇ ಶಾಲೆಯ ಯೋಗ್ಯತೆಯನ್ನು ನಿರ್ಧರಿಸಬಹುದೆ? ಕನ್ನಡನಾಡಿನ ಎರಡು ಶಾಸನಗಳು ಬೇರೊಂದು ಎಣಿಕೆಯ ಕ್ರಮವನ್ನು ಸೂಚಿಸುತ್ತವೆಂದು ನಾವು ಭಾವಿಸುತ್ತೇವೆ.

ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ದೊರೆತ ಕ್ರಿ.ಶ. 1058ರ ಶಾಸನವು ಕಲ್ಯಾಣ ಚಾಳುಕ್ಯ ಒಂದನೆಯ ಸೋಮೇಶ್ವರನ ಕಾಲದ್ದು. ದಂಡನಾಯಕ ಮಧುಸೂದನನು ಸ್ಥಾಪಿಸಿದ ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಾಧ್ಯಯನಕ್ಕೆ 200, ಶಾಸ್ತ್ರಾಧ್ಯಯನಕ್ಕೆ ಸುಮಾರು 50 ವಿದ್ಯಾರ್ಥಿಗಳಿದ್ದರು. ಎರಡಕ್ಕೂ ಮೂವರು ಮೂವರು ಉಪಾಧ್ಯಾಯರು. ಗ್ರಂಥಗಳ ಪಾಲನೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಭಾಗಿಸಿ ನೋಡಿದರೆ, ವೇದದಲ್ಲಿ ಒಬ್ಬ ಉಪಾಧ್ಯಾಯನಿಗೆ 66ಕ್ಕೂ ಮಿಕ್ಕು ವಿದ್ಯಾರ್ಥಿಗಳು, ಶಾಸ್ತ್ರದಲ್ಲಿ 17ರಷ್ಟು ಮಾತ್ರ. ಕಂಠಪಾಠ ದೊಡ್ಡ ಗುಂಪಿನಲ್ಲಿಯೂ ನಡೆದೀತು. ಶಾಸ್ತ್ರವಾದ ಕಲಿಸುವಾಗ ಒಬ್ಬೊಬ್ಬನ ಸಂಶಯವನ್ನೂ ಕೇಳಬೇಕು. ಈ ಅಂತರಕ್ಕೆ ಇದೇ ಕಾರಣವೆಂಬುದು ನಮ್ಮ ಊಹೆ.

ಇನ್ನೊಂದು, ಕ್ರಿ.ಶ. 945ರ ಸಾಲೋಟಗಿ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಈ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳು, ದೀಪಕ್ಕೂ ಉಪಾಧ್ಯಾಯನ ಜೀವನಕ್ಕೂ ಪ್ರತ್ಯೇಕ ಭೂಮಿ, ಊರಿನ ಮದುವೆ ಉಪನಯನಗಳಲ್ಲಿ ಶಾಲೆಗೆ ಕಾಣಿಕೆ. ಇವೆಲ್ಲ ಬ್ರಾಹ್ಮಣ ಬಾಲಕರಿಗೆ ಮೀಸಲಾದ ಏರ್ಪಾಡುಗಳೆಂಬುದನ್ನು ಮರೆಯಲಾಗದು; ಆದ್ದರಿಂದ ಇವು ನಮಗೆ ಆದರ್ಶವಲ್ಲ. ಗಮನಾರ್ಹವಾದುದು, ವಿದ್ಯಾರ್ಥಿಯನ್ನು ಎಣಿಸಿದ ಕೈಯೇ ದೀಪವನ್ನೂ ವಸತಿಯನ್ನೂ ಎಣಿಸಿತೆಂಬುದು.

ಆಧುನಿಕ ಸಂಶೋಧನೆ ಇಲ್ಲಿಂದ ಬಹು ದೂರದಲ್ಲಿಲ್ಲ. ಅಮೆರಿಕದ ಕ್ಯಾನ್ಸಸ್ ಪ್ರಾಂತದ ಪ್ರೌಢಶಾಲೆಗಳನ್ನು ಕುರಿತು ಬಾರ್ಕರ್ ಮತ್ತು ಗಂಪ್ 1964ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೊಡ್ಡ ಶಾಲೆಗಳಲ್ಲಿ ಚಟುವಟಿಕೆಗಳು ಹೆಚ್ಚು. ಹೊಣೆ ಹೊರುವ ಅವಕಾಶ ಚಿಕ್ಕ ಶಾಲೆಯ ವಿದ್ಯಾರ್ಥಿಗೇ ಹೆಚ್ಚು. ಓದಿನಲ್ಲಿ ಹಿಂದುಳಿದವನಿಗೂ ಅಲ್ಲಿ ತಾನು ಬೇಕಾದವನೆಂಬ ಭಾವವಿತ್ತು. ನ್ಯೂಯಾರ್ಕ್ ನಗರದಲ್ಲಿ 2002ರಿಂದ ತೆರೆದ ನೂರಕ್ಕೂ ಮಿಕ್ಕ ಚಿಕ್ಕ ಪ್ರೌಢಶಾಲೆಗಳಿಗೆ ಚೀಟಿಯೆತ್ತಿ ಪ್ರವೇಶ ನೀಡಿದಾಗ, ಪ್ರವೇಶ ದೊರೆತವರಲ್ಲಿ ವ್ಯಾಸಂಗ ಮುಗಿಸಿದವರ ಪ್ರಮಾಣ, ದೊರೆಯದವರಿಗಿಂತ ನೂರಕ್ಕೆ ಸುಮಾರು 9ರಷ್ಟು ಅಧಿಕವಾಗಿತ್ತು. ಅದೇ ಕಾಲದಲ್ಲಿ ಇಂಥ ಶಾಲೆಗಳಿಗೆ ಅಪಾರ ಧನ ನೀಡಿದ ಗೇಟ್ಸ್ ಪ್ರತಿಷ್ಠಾನವು, ತಾನು ನೆರವಾದ ಅನೇಕ ಶಾಲೆಗಳಲ್ಲಿ ಕಲಿಕೆ ಸುಧಾರಿಸಲಿಲ್ಲವೆಂದು 2009ರಲ್ಲಿ ಒಪ್ಪಿಕೊಂಡಿತು. ಕಿರಿದಾದ ಮಾತ್ರಕ್ಕೆ ಶಾಲೆ ಒಳ್ಳೆಯದಾಗದು.

ಹೀಗೆ ಕಿರಿತನದಲ್ಲಿ ಎರಡು ಬಗೆ: ಉಪಾಧ್ಯಾಯ, ಗ್ರಂಥ, ಅನ್ನಗಳನ್ನು ಗೊತ್ತುಮಾಡಿ ಏರ್ಪಡಿಸಿದ್ದು ಒಂದು, ಅವು ಇಲ್ಲದೆ ಮಕ್ಕಳು ಬಿಟ್ಟುಹೋದುದರಿಂದ ಉಂಟಾದುದು ಇನ್ನೊಂದು. ಹಾಜರಿಪುಸ್ತಕದಲ್ಲಿ ಎರಡೂ ಒಂದೇ ಅಂಕಿಯಾಗಿ ಕಾಣುತ್ತವೆ. ಎರಡನೆಯದಕ್ಕೆ ಬೇಕಾದುದು ಮೊದಲು ಉಪಾಧ್ಯಾಯ. ಜೋಡಣೆಯ ಮಾತು ಆಮೇಲೆ. ಘಟಿಕಾಸ್ಥಾನ, ಅಗ್ರಹಾರ, ಮಠಗಳ ದತ್ತಿಶಾಸನಗಳನ್ನು ಈ ದೃಷ್ಟಿಯಿಂದ ಪಟ್ಟಿಮಾಡುವ ಕೆಲಸವನ್ನು ಹೊರನಾಡಿನ ಸಂಶೋಧಕರು ಕೈಗೆತ್ತಿಕೊಳ್ಳಬೇಕೆಂಬುದು ನಮ್ಮ ಆಶಯ.